ಲಿಡಿಯಾ ಬದುಕುತ್ತಾಳೆ: ನಮ್ಮ ಓದು ಬಳಗದವರಿಗೆ ಒಂದು ಬಹಿರಂಗ ಪತ್ರ

ಬಳಗದ ಗೆಳತಿಯರೇ, ಗೆಳೆಯರೇ,

ಡಿಸೆಂಬರ್ ಓದಿಗೆಂದು ಆರಿಸಿಕೊಂಡ ಕೋರ್ಟ್ನಿ ಮಿಲನ್ ಅವರ ‘ಎ ಕಿಸ್ ಫಾರ್ ಮಿಡ್‌ವಿಂಟರ್’ ಕಿರುಕಾದಂಬರಿಯ ಬಗ್ಗೆ ನೀವು ಬರೆದ ಅಭಿಪ್ರಾಯಗಳೆಲ್ಲ ಬಳಗದ ಸಂಚಿಕೆಯಲ್ಲಿ ಅಚ್ಚಾಗಿ ಕೈಸೇರಿವೆ. ಅಚ್ಚಾದ ಮಾತಿಗೆ ಅಚ್ಚಿನಲ್ಲೇ ಉತ್ತರ ಕೊಡಬೇಕು ಅನಿಸಿದ್ದರಿಂದ ಈ ಪತ್ರ ಎಲ್ಲರ ಮುಂದೆ ಬರುತ್ತಿದೆ. ಈ ಪುಸ್ತಕವನ್ನು ಸೂಚಿಸಿದವಳು ನಾನು. ನಿಮ್ಮಲ್ಲಿ ಹಲವರಿಗೆ ಅದು ಹಿಡಿಸಲಿಲ್ಲ ಎಂಬುದರ ಬಗ್ಗೆ ನನಗೆ ತಕರಾರಿಲ್ಲ. ಯಾವ ಕಾರಣಕ್ಕೆ ಹಿಡಿಸಲಿಲ್ಲ ಎಂದು ಬರೆದಿದ್ದೀರಲ್ಲ, ಅದರ ಬಗ್ಗೆ ಇದೆ.

ನಿಮ್ಮ ಮಾತುಗಳನ್ನೇ ಮೊದಲು ನೆನಪಿಸುತ್ತೇನೆ. ಹಬ್ಬದ ಕಥೆಯಲ್ಲಿ ಬಸಿರು, ಬಾಣಂತಿ, ವಿಷ, ಸಾವು ಇವೆಲ್ಲ ಯಾಕೆ ಬೇಕಿತ್ತು ಎಂದು ಕೆಲವರು ಕೇಳಿದ್ದೀರಿ. 1863ರ ಡಾಕ್ಟರೊಬ್ಬ ಹೀಗೆಲ್ಲ ಯೋಚಿಸುವುದು ಸಾಧ್ಯವೇ ಇರಲಿಲ್ಲ, ಲೇಖಕಿ ಇಂದಿನ ಮನುಷ್ಯನಿಗೆ ಹಳೆಯ ಕೋಟು ತೊಡಿಸಿದ್ದಾರೆ ಎಂದು ಇನ್ನು ಕೆಲವರು ಬರೆದಿದ್ದೀರಿ. ಅತಿ ಹೆಚ್ಚು ಜನ ಬರೆದದ್ದು ಕೊನೆಯ ಬಗ್ಗೆ. ಇಷ್ಟೆಲ್ಲ ನೋವು ತೋರಿಸಿ ಕೊನೆಗೆ ಮದುವೆ ಮಾಡಿಸಿಬಿಟ್ಟರು, ಬದುಕು ಹಾಗಿರುವುದಿಲ್ಲ, ಪ್ರಣಯ ಕಾದಂಬರಿಯ ಹಣೆಬರಹವೇ ಇಷ್ಟು ಎಂದಿದ್ದೀರಿ. ಈ ಕೊನೆಯ ಮಾತೇ ನನ್ನನ್ನು ಬರೆಯಲು ಕೂರಿಸಿದ್ದು.

ಪುಸ್ತಕ ಓದದವರಿಗಾಗಿ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಇಂಗ್ಲೆಂಡಿನ ನಡುಭಾಗದ ಲೆಸ್ಟರ್ ಪಟ್ಟಣ. ಕಾಲುಚೀಲ, ಬನಿಯನ್ ನೇಯುವ ಕಸುಬಿನ ಊರು. ಅಲ್ಲಿನ ಅನುಕೂಲಸ್ಥ ಮನೆಯ ಹುಡುಗಿ ಲಿಡಿಯಾ ಚಾರಿಂಗ್‌ಫರ್ಡ್ ಹದಿಹರೆಯದಲ್ಲಿ ಒಬ್ಬ ಗಂಡಸನ್ನು ನಂಬಿ ಬಸಿರಾಗುತ್ತಾಳೆ. ಅವಳನ್ನು ನೋಡಲು ಬಂದ ಹಿರಿಯ ವೈದ್ಯ ಅವಳಿಗೆ ಪ್ರಸಿಕ್ ಆಮ್ಲವೆಂಬ ವಿಷವನ್ನು ಔಷಧಿಯೆಂದು ಬರೆದುಕೊಡುತ್ತಾನೆ. ಆತನ ಪಕ್ಕದಲ್ಲಿ ನಿಂತಿದ್ದ ಹುಡುಗ, ವೈದ್ಯಕೀಯ ಕಲಿಯಲು ಹೊರಟಿದ್ದ ಜೋನಸ್ ಗ್ರಾಂಥಮ್, ಅದು ತಪ್ಪೆಂದು ಗೊತ್ತಿದ್ದೂ ಹಿರಿಯರ ಮಾತಿಗೆ ಬೆದರಿ ಸುಮ್ಮನಾಗುತ್ತಾನೆ. ಮಗು ಉಳಿಯುವುದಿಲ್ಲ. ವಿಷಯ ಗುಟ್ಟಾಗಿ ಉಳಿಯುತ್ತದೆ. ವರ್ಷಗಳಾದ ಮೇಲೆ ಅದೇ ಊರಿಗೆ ವೈದ್ಯನಾಗಿ ಬಂದ ಗ್ರಾಂಥಮ್ ಅವಳನ್ನು ಪ್ರೀತಿಸತೊಡಗುತ್ತಾನೆ. ಅವಳಿಗೋ ಅವನ ಮುಖ ಕಂಡರೆ ಆಗದು. ತನ್ನ ಬದುಕಿನ ಅತಿ ಕೆಟ್ಟ ದಿನಕ್ಕೆ ಸಾಕ್ಷಿಯಾದವನು ಅವನು. ಅವಳು ಎಲ್ಲರೆದುರು ಸದಾ ನಗುತ್ತಾಳೆ, ಕ್ರಿಸ್‌ಮಸ್ ಹತ್ತಿರ ಬಂದಷ್ಟೂ ಇನ್ನೂ ಹೆಚ್ಚು ನಗುತ್ತಾಳೆ. ಅವನು ಒರಟು ಮಾತಿನವನು, ಕಂಡದ್ದನ್ನು ಕಂಡಂತೆ ಹೇಳುವವನು. ಇಬ್ಬರ ನಡುವೆ ಒಂದು ಪಂದ್ಯ ಏರ್ಪಡುತ್ತದೆ. ಅವಳು ಅವನ ಜೊತೆ ಮೂರು ರೋಗಿಗಳ ಮನೆಗೆ ಬರಬೇಕು. ಅಲ್ಲಿ ಕಂಡದ್ದರ ಬಗ್ಗೆಯೂ ಅವಳು ಸಂತೋಷದ ಮಾತೊಂದನ್ನು ಹುಡುಕಿ ಆಡಿದರೆ ಅವನು ಇನ್ನೆಂದೂ ಅವಳನ್ನು ಮಾತಾಡಿಸುವುದಿಲ್ಲ. ಆಡಲಾಗದಿದ್ದರೆ ಅವಳು ಅವನಿಗೆ ಒಂದು ಮುತ್ತು ಕೊಡಬೇಕು.

2012ರ ಡಿಸೆಂಬರಿನಲ್ಲಿ ಮಿಲನ್ ಇದನ್ನು ದೊಡ್ಡ ಪ್ರಕಾಶಕರ ಹಂಗಿಲ್ಲದೆ ತಾವೇ ಪ್ರಕಟಿಸಿದರು. ಅವರ ಮೊದಲ ಕಥೆ ಅಚ್ಚಾದದ್ದೂ 2009ರ ಒಂದು ಕ್ರಿಸ್‌ಮಸ್ ಸಂಕಲನದಲ್ಲಿಯೇ. ಅಂದರೆ ಹಬ್ಬದ ಕಥೆಯ ರೂಢಿಗಳೇನು, ಓದುಗರು ಅದರಲ್ಲಿ ಏನನ್ನು ಹುಡುಕುತ್ತಾರೆ ಎಂಬುದು ತಿಳಿಯದೆ ಬರೆದವರಲ್ಲ ಅವರು.

ಇನ್ನು ಹಬ್ಬದ ಮಾತಿಗೆ ಬರೋಣ. ಹಿಮ, ಒಲೆಯ ಬೆಂಕಿ, ಉಡುಗೊರೆ, ದೊಡ್ಡ ಮನೆಯಲ್ಲಿ ಸೇರಿದ ನೆಂಟರು, ಬಾಗಿಲ ಮೇಲೆ ತೂಗುವ ಬಂದಳಿಕೆಯ ಗೊಂಚಲ ಕೆಳಗೆ ಒಂದು ಮುತ್ತು. ನಾವೆಲ್ಲ ಕ್ರಿಸ್‌ಮಸ್ ಪ್ರಣಯಕಥೆ ಎಂದಾಗ ಕಣ್ಣಮುಂದೆ ತಂದುಕೊಳ್ಳುವುದು ಇದನ್ನೇ. ಆ ಚಿತ್ರ ಸುಳ್ಳಲ್ಲ. ಆದರೆ ವಿಕ್ಟೋರಿಯಾ ರಾಣಿಯ ಕಾಲದ ಓದುಗರು ಹಬ್ಬದ ಕಥೆಯಲ್ಲಿ ಹುಡುಕುತ್ತಿದ್ದುದು ಅಷ್ಟನ್ನೇ ಅಲ್ಲ. 1843ರ ಡಿಸೆಂಬರ್ 19ರಂದು ಹೊರಬಂದ ಡಿಕನ್ಸ್‌ನ ‘ಎ ಕ್ರಿಸ್‌ಮಸ್ ಕ್ಯಾರಲ್’ ಕೂಡ ಒಂದು ಕಿರುಕಾದಂಬರಿಯೇ. ಸಂಬಳ ಸಾಲದ ಗುಮಾಸ್ತ, ಕಾಲು ಊನವಾದ ಅವನ ಮಗು, ಬಡವರಿಗೆ ಸೆರೆಮನೆ ಇಲ್ಲವೇ ಎಂದು ಕೇಳುವ ಸಾಹುಕಾರ ಎಲ್ಲರೂ ಅದರಲ್ಲಿದ್ದಾರೆ. ಮೊದಲ ಮುದ್ರಣದ 6,000 ಪ್ರತಿಗಳು ಹಬ್ಬದ ಮುನ್ನಾದಿನದೊಳಗೆ ಖರ್ಚಾದವು. ಬಡತನವನ್ನೂ ಮಗುವಿನ ಸಾವಿನ ಭಯವನ್ನೂ ಊಟದ ಮೇಜಿನ ಪಕ್ಕಕ್ಕೇ ತಂದು ನಿಲ್ಲಿಸಿದ ಪುಸ್ತಕ ಅದು. ಇಂದಿಗೂ ಹಬ್ಬದ ಕಥೆಗಳಲ್ಲಿ ಮೊದಲು ನೆನಪಾಗುವುದೂ ಅದೇ.

ಇನ್ನೂ ಹತ್ತಿರದ ಸಾಕ್ಷಿಯೊಂದಿದೆ. ಮಿಲನ್ ಅವರ ಕಥೆ ನಡೆಯುವುದು 1863ರ ಡಿಸೆಂಬರಿನಲ್ಲಿ. ಆ ವರ್ಷ, ಆ ತಿಂಗಳು, ಲಿಡಿಯಾಳಂಥ ಮನೆಗಳಲ್ಲಿ ದೀಪದ ಸುತ್ತ ಕೂತು ಜನ ಓದುತ್ತಿದ್ದದ್ದು ಏನನ್ನು? ಡಿಕನ್ಸ್ ತನ್ನ ‘ಆಲ್ ದ ಇಯರ್ ರೌಂಡ್’ ಪತ್ರಿಕೆಗೆ ಪ್ರತಿವರ್ಷ ಒಂದು ಕ್ರಿಸ್‌ಮಸ್ ವಿಶೇಷ ಸಂಚಿಕೆ ತರುತ್ತಿದ್ದ. 1863ರ ಸಂಚಿಕೆಯ ಹೆಸರು ‘ಮಿಸೆಸ್ ಲಿರಿಪರ್ಸ್ ಲಾಜಿಂಗ್ಸ್’. ಲಂಡನ್ನಿನ ಸ್ಟ್ರ್ಯಾಂಡ್ ಬಳಿಯ ನಾರ್ಫಕ್ ಬೀದಿಯಲ್ಲಿ ಕೋಣೆಗಳನ್ನು ಬಾಡಿಗೆಗೆ ಕೊಡುವ ಒಬ್ಬ ವಿಧವೆಯ ಕಥೆ ಅದು. ಅವಳ ಮನೆಗೆ ಒಂದು ಎಳೆಯ ಜೋಡಿ ಬಾಡಿಗೆಗೆ ಬರುತ್ತದೆ. ಗಂಡನಂತೆ ಬಂದವನು ಬಸುರಿಯನ್ನು ಬಿಟ್ಟು ಹೊರಟುಹೋಗುತ್ತಾನೆ. ಅವಳು ರಾತ್ರಿ ಥೇಮ್ಸ್ ನದಿಯ ಕಡೆ ನಡೆಯುತ್ತಾಳೆ. ಮನೆಯೊಡತಿ ಹಿಂಬಾಲಿಸಿ ಹೋಗಿ ಅವಳನ್ನು ವಾಪಸು ಕರೆತರುತ್ತಾಳೆ. ಹೆರಿಗೆಯಾಗುತ್ತದೆ, ತಾಯಿ ಸಾಯುತ್ತಾಳೆ, ಮಗು ಆ ಮನೆಯಲ್ಲೇ ಬೆಳೆಯುತ್ತದೆ.

ನೋಡಿ, ನಂಬಿ ಕೆಟ್ಟ ಬಸುರಿ, ನದಿ, ಬಾಣಂತಿಯ ಸಾವು ಎಲ್ಲವೂ 1863ರ ಕ್ರಿಸ್‌ಮಸ್ ಸಂಚಿಕೆಯಲ್ಲಿಯೇ ಇದ್ದವು. ಓದುಗರು ಅದನ್ನು ದೂರ ತಳ್ಳಲಿಲ್ಲ. ಮಿಸೆಸ್ ಲಿರಿಪರ್ ಎಷ್ಟು ಜನಪ್ರಿಯಳಾದಳೆಂದರೆ ಮುಂದಿನ ವರ್ಷದ ಸಂಚಿಕೆಗೂ ಡಿಕನ್ಸ್ ಅವಳನ್ನೇ ಕರೆತಂದ. ಹಾಗಿರುವಾಗ ಮಿಲನ್ ಹಬ್ಬದ ಕಥೆಗೆ ಸಲ್ಲದ ವಸ್ತುವನ್ನು ತಂದರು ಎಂಬ ನಿಮ್ಮ ದೂರು ನಿಲ್ಲುವುದಿಲ್ಲ. ಅವರು ಹಳೆಯ ವಸ್ತುವನ್ನೇ ಎತ್ತಿಕೊಂಡು ಅದರಲ್ಲಿ ಒಂದೇ ಒಂದನ್ನು ಬದಲಿಸಿದ್ದಾರೆ. ಆ ಬದಲಾವಣೆ ಏನೆಂಬುದಕ್ಕೆ ಮುಂದೆ ಬರುತ್ತೇನೆ.

ಡಾಕ್ಟರ ವಿಷಯದಲ್ಲಿ ನನಗೆ ಹೇಳಲು ಬಹಳವಿದೆ, ಯಾಕೆಂದರೆ ಇಲ್ಲಿ ನಾವು ಇತಿಹಾಸದ ಬಗ್ಗೆಯೇ ಅವಸರದ ತೀರ್ಪು ಕೊಡುತ್ತಿದ್ದೇವೆ. ಹಳೆಯ ಕಾಲದವರೆಲ್ಲ ಒಂದೇ ಥರ ಯೋಚಿಸುತ್ತಿದ್ದರು, ತಿಳಿವಳಿಕೆಯೆಲ್ಲ ಆಮೇಲೆ ಹುಟ್ಟಿತು ಎಂದು ನಂಬಿಕೊಂಡರೆ ಗ್ರಾಂಥಮ್ ಸುಳ್ಳು ಪಾತ್ರ ಅನಿಸುತ್ತಾನೆ. ನಿಜವಾದ 1863 ಹಾಗಿರಲಿಲ್ಲ. ಬಾಣಂತಿ ಜ್ವರವನ್ನು ವೈದ್ಯರೂ ಸೂಲಗಿತ್ತಿಯರೂ ಒಬ್ಬಳಿಂದ ಇನ್ನೊಬ್ಬಳಿಗೆ ಹೊತ್ತೊಯ್ಯುತ್ತಾರೆ ಎಂದು ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಅಲೆಕ್ಸಾಂಡರ್ ಗಾರ್ಡನ್ 1795ರಲ್ಲಿಯೇ ಬರೆದಿದ್ದ. ಅಮೆರಿಕದಲ್ಲಿ ಆಲಿವರ್ ವೆಂಡೆಲ್ ಹೋಮ್ಸ್ 1843ರಲ್ಲಿ ಅದನ್ನೇ ವಾದಿಸಿದ. ವಿಯೆನ್ನಾದ ದೊಡ್ಡಾಸ್ಪತ್ರೆಯಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ 1847ರಲ್ಲಿ ವಿದ್ಯಾರ್ಥಿಗಳ ಕೈಯನ್ನು ಕ್ಲೋರಿನ್ ಸುಣ್ಣದ ನೀರಿನಲ್ಲಿ ತೊಳೆಸಿದ. ಏಪ್ರಿಲ್ ತಿಂಗಳಲ್ಲಿ ಆ ವಾರ್ಡಿನ ತಾಯಂದಿರಲ್ಲಿ ಶೇ. 18ರಷ್ಟು ಜನ ಸತ್ತಿದ್ದರೆ ಜೂನ್ ಹೊತ್ತಿಗೆ ಅದು ಶೇ. 2ರ ಆಸುಪಾಸಿಗೆ ಇಳಿಯಿತು. 1861ರಲ್ಲಿ ಅವನ ಪುಸ್ತಕವೂ ಬಂದಿತ್ತು. ತಿಳಿವಳಿಕೆ ಇತ್ತು, ಅದನ್ನು ಒಪ್ಪುವ ಮನಸ್ಸು ಹಿರಿಯ ವೈದ್ಯರಿಗೆ ಇರಲಿಲ್ಲ. ಫಿಲಡೆಲ್ಫಿಯಾದ ಹೆಸರಾಂತ ಪ್ರಸೂತಿ ತಜ್ಞ ಚಾರ್ಲ್ಸ್ ಮೀಗ್ಸ್, ವೈದ್ಯರು ಸಭ್ಯ ಮನೆತನದವರು, ಸಭ್ಯರ ಕೈ ಕೊಳೆಯಾಗಿರುವುದಿಲ್ಲ ಎಂಬರ್ಥದ ವಾದ ಹೂಡಿದ. ಸೆಮ್ಮೆಲ್‌ವೈಸ್ 1865ರಲ್ಲಿ ಮಾನಸಿಕ ಆಸ್ಪತ್ರೆಯೊಂದರಲ್ಲಿ ತೀರಿಕೊಂಡ, ಆಗ ಅವನಿಗೆ 47 ವರ್ಷ.

ನಮ್ಮ ಬಳಗದಲ್ಲಿ ಹೆರಿಗೆ ವಾರ್ಡಿನಲ್ಲಿ ದಾದಿಯಾಗಿ ಬಹುಕಾಲ ದುಡಿದ ಅಕ್ಕನೊಬ್ಬರಿದ್ದಾರೆ. ಈ ಪುಸ್ತಕದ ಬಗ್ಗೆ ಅವರು ಬರೆದದ್ದು ನಾಲ್ಕೇ ಸಾಲು. ಹಿರಿಯ ಡಾಕ್ಟರು ತಪ್ಪು ಮಾಡುವಾಗ ಪಕ್ಕದಲ್ಲಿ ನಿಂತ ಕಿರಿಯನ ಬಾಯಿ ಕಟ್ಟಿಹೋಗುವುದನ್ನು ತಾವು ಕಂಡಿರುವುದಾಗಿಯೂ, ಮೊದಲ ಅಧ್ಯಾಯ ಓದಿ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಹೊರಗೆ ಓಡಾಡಿ ಬಂದುದಾಗಿಯೂ ಅವರು ಬರೆದಿದ್ದಾರೆ. ಸಂಚಿಕೆಯ ಕೊನೆಯ ಪುಟದ ಮೂಲೆಗೆ ಹೋಗಿಬಿಟ್ಟ ಆ ನಾಲ್ಕು ಸಾಲನ್ನು ದಯವಿಟ್ಟು ಮತ್ತೆ ತೆರೆದು ಓದಿ. ನನ್ನ ಮಟ್ಟಿಗೆ ಇಡೀ ಸಂಚಿಕೆಯಲ್ಲಿ ಕಥೆಯ ನರವನ್ನು ಹಿಡಿದ ಅಭಿಪ್ರಾಯ ಅದೇ. ಗ್ರಾಂಥಮ್ ಆ ಮೇಲೆ ಅಷ್ಟು ಒರಟಾಗಿ ನಿಜ ಹೇಳುವ ಮನುಷ್ಯನಾದದ್ದು ಯಾಕೆ ಎಂಬುದಕ್ಕೆ ಉತ್ತರ ಆ ಮೌನದಲ್ಲಿದೆ. ಒಮ್ಮೆ ಸುಮ್ಮನಿದ್ದುದರ ಬೆಲೆಯನ್ನು ಬೇರೆಯವಳೊಬ್ಬಳು ತೆತ್ತಳು. ಪ್ರಸಿಕ್ ಆಮ್ಲವೆಂದರೆ ಸಯನೈಡ್ ಕುಲಕ್ಕೇ ಸೇರಿದ ವಿಷ. ಆ ಕಾಲದಲ್ಲಿ ಅದನ್ನು ನೀರು ಬೆರೆಸಿ ಕೆಮ್ಮಿಗೂ ಹೊಟ್ಟೆನೋವಿಗೂ ನಿಜವಾಗಿಯೇ ಕೊಡುತ್ತಿದ್ದರು. ವಿಷಗಳ ಮಾರಾಟಕ್ಕೆ ಇಂಗ್ಲೆಂಡಿನಲ್ಲಿ ಬಿಗಿಯಾದ ಕಟ್ಟುಪಾಡು ಬಂದದ್ದು 1868ರ ಕಾಯ್ದೆಯಿಂದ. ಆ ಪ್ರಸಂಗ ಲೇಖಕಿಯ ಉತ್ಪ್ರೇಕ್ಷೆಯಲ್ಲ.

ಗರ್ಭ ತಡೆಯುವ ಮಾತನ್ನು ಗ್ರಾಂಥಮ್ ಮುಚ್ಚುಮರೆಯಿಲ್ಲದೆ ಆಡುತ್ತಾನೆ ಎಂಬುದು ನಿಮ್ಮ ಇನ್ನೊಂದು ಆಕ್ಷೇಪ. ಅದನ್ನು ಹೇಳಿಕೊಡುವ ಚಾರ್ಲ್ಸ್ ನೋಲ್ಟನ್‌ನ ಪುಸ್ತಿಕೆ 1832ರಲ್ಲಿಯೇ ಅಮೆರಿಕದಲ್ಲಿ ಅಚ್ಚಾಗಿ ಇಂಗ್ಲೆಂಡಿಗೂ ಬಂದಿತ್ತು. ಗಂಧಕ ಬೆರೆಸಿ ಗಟ್ಟಿಮಾಡಿದ ರಬ್ಬರಿನ ನಿರೋಧಗಳು 1850ರ ದಶಕದಲ್ಲಿ ತಯಾರಾಗುತ್ತಿದ್ದವು. ಇವನ್ನೆಲ್ಲ ಬಲ್ಲ ವೈದ್ಯ ಆ ಕಾಲದಲ್ಲಿ ವಿರಳ ನಿಜ, ಅಸಂಭವ ಅಲ್ಲ. ಬಾಯಿಬಿಟ್ಟು ಹೇಳಿದವರಿಗೆ ಏನಾಯಿತು ಎಂಬುದೂ ನಮಗೆ ಗೊತ್ತು. ನೋಲ್ಟನ್‌ನ ಅದೇ ಪುಸ್ತಿಕೆಯನ್ನು ಮರುಮುದ್ರಿಸಿದ್ದಕ್ಕೆ 1877ರಲ್ಲಿ ಚಾರ್ಲ್ಸ್ ಬ್ರ್ಯಾಡ್ಲಾ ಜೊತೆ ಆನಿ ಬೆಸೆಂಟ್ ಲಂಡನ್ನಿನ ಕಟಕಟೆಯಲ್ಲಿ ನಿಂತರು. ಶಿಕ್ಷೆ ಮೇಲ್ಮನವಿಯಲ್ಲಿ ಬಿದ್ದುಹೋಯಿತು, ಆದರೆ ಮರುವರ್ಷ ಆ ತಾಯಿಯಿಂದ ಮಗಳನ್ನು ನ್ಯಾಯಾಲಯ ಕಿತ್ತುಕೊಂಡಿತು. ಬಸವನಗುಡಿಯ ನ್ಯಾಷನಲ್ ವಿದ್ಯಾಸಂಸ್ಥೆ 1917ರಲ್ಲಿ ಹುಟ್ಟಿದ್ದು ಇದೇ ಬೆಸೆಂಟರಿಂದ. ಅವರ ಬದುಕಿನ ಈ ಹಿಂದಿನ ಪುಟ ನಮ್ಮಲ್ಲಿ ಅಷ್ಟಾಗಿ ಯಾರ ನೆನಪಿನಲ್ಲೂ ಇಲ್ಲ. ಮೈಸೂರು ಸಂಸ್ಥಾನ 1930ರಲ್ಲಿ ಸರ್ಕಾರದ ಖರ್ಚಿನಲ್ಲೇ ಸಂತಾನ ನಿಯಂತ್ರಣದ ಚಿಕಿತ್ಸಾಲಯ ತೆರೆಯಿತು. ಜಗತ್ತಿನ ಯಾವ ಸರ್ಕಾರವೂ ಅದಕ್ಕೂ ಮೊದಲು ಹಾಗೆ ಮಾಡಿರಲಿಲ್ಲ ಎಂದು ಹೇಳುತ್ತಾರೆ. ಲೆಸ್ಟರಿನ ಒಂದು ಬಡ ಮನೆಯಲ್ಲಿ ಗ್ರಾಂಥಮ್ ತಗ್ಗಿದ ದನಿಯಲ್ಲಿ ಹೇಳಿದ ಮಾತು, ಇನ್ನೊಂದು ಖಂಡದಲ್ಲಿ ಸರ್ಕಾರಿ ಆದೇಶವಾಗುವುದಕ್ಕೆ ಎಪ್ಪತ್ತು ವರ್ಷವೂ ಬೇಕಾಗಲಿಲ್ಲ.

ಈಗ ನಿಮ್ಮ ಟೀಕೆಯಲ್ಲಿ ನಾನು ಪೂರ್ತಿ ಒಪ್ಪುವ ಮಾತುಗಳಿಗೆ ಬರುತ್ತೇನೆ. ಪಂದ್ಯದ ಪ್ರಸಂಗ ಸರಿಯಿಲ್ಲ ಎಂದು ಇಬ್ಬರು ಬರೆದಿದ್ದೀರಿ. ಒಮ್ಮೆ ಗಂಡಸಿನ ಮಾತಿಗೆ ಮರುಳಾಗಿ ನೊಂದ ಹುಡುಗಿಯ ಮುಂದೆ, ಅವಳ ಗುಟ್ಟು ಬಲ್ಲ ಗಂಡಸು, ಮುತ್ತನ್ನು ಪಣವಾಗಿಡುತ್ತಾನೆ. ಅವನು ಆ ಗುಟ್ಟನ್ನು ಎಂದೂ ಬೆದರಿಕೆಯಾಗಿ ಬಳಸುವುದಿಲ್ಲ, ಅದನ್ನು ಲೇಖಕಿ ಎಚ್ಚರದಿಂದಲೇ ಕಾಪಾಡಿದ್ದಾರೆ. ಆದರೂ ಬಳಸಬಹುದಾದ ಜಾಗದಲ್ಲಿ ಅವನಿದ್ದಾನೆ, ಅವಳಿಗೆ ಅದು ಗೊತ್ತು. ಕಥೆ ಈ ಇಕ್ಕಟ್ಟನ್ನು ಮುಟ್ಟುತ್ತದೆಯೇ ಹೊರತು ಅದರೊಳಗೆ ಸಾಕಷ್ಟು ಹೊತ್ತು ನಿಲ್ಲುವುದಿಲ್ಲ. ಲೆಸ್ಟರಿನ ಸುಂದರಿಯರಲ್ಲಿ ಅವಳಿಗೆ ಹನ್ನೊಂದನೆಯ ಸ್ಥಾನ ಎಂದು ಅವನು ಲೆಕ್ಕ ಹಾಕಿಟ್ಟುಕೊಂಡದ್ದು ನನಗೂ ಇಷ್ಟವಾಗಲಿಲ್ಲ. ಆ ಎಣಿಕೆಯನ್ನು ಅವನು ಮರೆತುಬಿಡುತ್ತಾನೆ ಎಂದು ತೋರಿಸುವುದಕ್ಕಾಗಿಯೇ ಅದನ್ನು ಇಟ್ಟಿದ್ದಾರೆ ಎಂದು ತಿಳಿದರೂ ಇಷ್ಟವಾಗಲಿಲ್ಲ.

ಇನ್ನೂ ಭಾರದ ಟೀಕೆ ನಮ್ಮ ಅತಿ ಕಿರಿಯ ಸದಸ್ಯೆಯದು. ರೋಗಿಗಳ ಮನೆಗಳು ಇಬ್ಬರು ಉಳ್ಳವರ ಪ್ರೀತಿಗೆ ಮೆಟ್ಟಿಲಾಗುತ್ತವೆ, ಹೆರಿಗೆಯ ಮೇಲೆ ಹೆರಿಗೆಯಾಗಿ ಸೋತ ತಾಯಿಯ ಮುಂದಿನ ಗತಿ ಏನೆಂದು ಯಾರೂ ಕೇಳುವುದಿಲ್ಲ ಎಂದು ಅವರು ಬರೆದಿದ್ದಾರೆ. ಇದಕ್ಕೆ ನನ್ನ ಬಳಿ ಪ್ರತಿವಾದವಿಲ್ಲ. ಕಿರುಕಾದಂಬರಿಯ ಅಳತೆ ಸಣ್ಣದು ಎಂಬುದು ಕಾರಣವಾದೀತು, ಸಮರ್ಥನೆಯಾಗದು. ಅದೇ ಸಣ್ಣ ಅಳತೆಯಲ್ಲಿ ಗ್ರಾಂಥಮನ ತಂದೆಯನ್ನು ಅಷ್ಟು ತುಂಬಿ ಬರೆದಿದ್ದಾರಲ್ಲ. ಹಳೆಯ ಸಾಮಾನುಗಳನ್ನು ಗುಡ್ಡೆ ಹಾಕಿಕೊಂಡು, ಓಡಾಡಲು ದಾರಿಯೂ ಇಲ್ಲದ ಮನೆಯಲ್ಲಿ, ಯಾವುದನ್ನೂ ಬಿಸಾಡಲು ಒಪ್ಪದೆ ಕೊನೆಯ ದಿನ ಎಣಿಸುತ್ತಿರುವ ಮುದುಕ. ಊರಿಗೆಲ್ಲ ನಿಷ್ಠುರ ಸತ್ಯ ಹೇಳುವ ಮಗ ತನ್ನ ತಂದೆಯ ಮುಂದೆ ಏನೂ ಮಾಡಲಾಗದೆ ಕೂರುತ್ತಾನೆ. ಪುಸ್ತಕದ ಅತ್ಯುತ್ತಮ ಪುಟಗಳು ಇವೇ ಎಂದು ನನಗನ್ನಿಸುತ್ತದೆ. ಲಿಡಿಯಾಳ ನಗುವನ್ನು ಅವನು ಮೊದಲ ಸಲ ಗೌರವಿಸುವುದೂ ಇಲ್ಲೇ. ಅದನ್ನು ಅವನು ಬರಿಯ ಮುಖವಾಡವೆಂದುಕೊಂಡಿದ್ದ. ಸಾಯುತ್ತಿರುವವನ ಪಕ್ಕ ಕೂತು ಅವನಿಗೆ ಬೇಕಾದ ಒಂದು ಹಿತವಾದ ಮಾತು ಆಡಬಲ್ಲ ಶಕ್ತಿ ಆ ನಗುವಿಗಿತ್ತು. ನಿಮ್ಮ ಅಭಿಪ್ರಾಯಗಳಲ್ಲಿ ತಂದೆಯ ಬಗ್ಗೆ ಹೆಚ್ಚು ಮಾತಿಲ್ಲದ್ದು ಕಂಡು ಬೇಸರವಾಯಿತು.

ಕೊನೆಯ ಬಗ್ಗೆ ಹೇಳುವ ಮುನ್ನ ಇನ್ನೊಂದು ಪುಸ್ತಕವನ್ನೂ ಅದರ ಓದುಗರನ್ನೂ ನೆನೆಯಬೇಕು. ಮ್ಯಾಂಚೆಸ್ಟರಿನ ಎಲಿಜಬೆತ್ ಗ್ಯಾಸ್ಕೆಲ್ 1853ರಲ್ಲಿ ‘ರೂತ್’ ಎಂಬ ಕಾದಂಬರಿ ಪ್ರಕಟಿಸಿದರು. ಅವರ ಗಂಡ ಯೂನಿಟೇರಿಯನ್ ಪಂಥದ ಪಾದ್ರಿ. ರೂತ್ ಹೊಲಿಗೆ ಮಾಡುವ ಅನಾಥ ಹುಡುಗಿ. ಶ್ರೀಮಂತನೊಬ್ಬ ಅವಳನ್ನು ಮೋಸಗೊಳಿಸಿ ಕೈಬಿಡುತ್ತಾನೆ. ದಯೆಯುಳ್ಳ ಪಾದ್ರಿಯೊಬ್ಬ ಅವಳನ್ನು ವಿಧವೆಯೆಂದು ಹೇಳಿ ಮನೆಯಲ್ಲಿಟ್ಟುಕೊಳ್ಳುತ್ತಾನೆ. ಗುಟ್ಟು ಹೊರಬಿದ್ದ ಮೇಲೆ ಅವಳು ಜ್ವರದ ರೋಗಿಗಳ ಸೇವೆಗೆ ನಿಲ್ಲುತ್ತಾಳೆ, ಕೊನೆಗೆ ತನ್ನನ್ನು ಕೆಡಿಸಿದವನನ್ನೇ ಆರೈಕೆ ಮಾಡಿ ಅದೇ ಜ್ವರದಿಂದ ಸಾಯುತ್ತಾಳೆ. ಇಷ್ಟು ಪ್ರಾಯಶ್ಚಿತ್ತ ಮಾಡಿಸಿದರೂ ಆ ಕಾಲದ ಓದುಗರಿಗೆ ಸಾಲಲಿಲ್ಲ. ಗ್ಯಾಸ್ಕೆಲ್ ಅವರ ಚರ್ಚಿನ ಸಭೆಯವರೇ ಆದ ಇಬ್ಬರು ಗಂಡಸರು ಪುಸ್ತಕದ ಮೊದಲ ಸಂಪುಟವನ್ನು ಸುಟ್ಟರು. ಇನ್ನೊಬ್ಬ ತನ್ನ ಹೆಂಡತಿ ಅದನ್ನು ಓದಕೂಡದೆಂದ. ಅದೇ ವೇಳೆಗೆ ಬೇರೊಂದು ಕಡೆಯಿಂದ ಬೇರೆಯದೇ ಅಭಿಪ್ರಾಯ ಬಂತು. ಕಥೆಯ ರೂಪರೇಷೆಯನ್ನು ಮುದ್ರಣಕ್ಕೂ ಮೊದಲೇ ಕಂಡ ಷಾರ್ಲೆಟ್ ಬ್ರಾಂಟೆ, ಅವಳು ಸಾಯಲೇಬೇಕಾದದ್ದು ಯಾಕೆ ಎಂದು ಪತ್ರ ಬರೆದು ಕೇಳಿದರು. ಕವಯಿತ್ರಿ ಎಲಿಜಬೆತ್ ಬ್ಯಾರೆಟ್ ಬ್ರೌನಿಂಗ್ ಓದಿದ ಮೇಲೆ ಅದನ್ನೇ ಕೇಳಿದರು.

ಈ ಗ್ಯಾಸ್ಕೆಲ್ ಅವರ ಕಥೆಯೊಂದು 1863ರ ಅದೇ ‘ಮಿಸೆಸ್ ಲಿರಿಪರ್’ ಸಂಚಿಕೆಯಲ್ಲಿಯೂ ಇದೆ. ಹತ್ತು ವರ್ಷ ಕಳೆದಿತ್ತು. ಡಿಕನ್ಸ್‌ನ ಬಸುರಿಯೂ ಸಾಯಲೇಬೇಕಾಯಿತು. ಓದುಗರ ಕರುಣೆ ಅವಳಿಗೆ ಸಿಗುತ್ತದೆ, ಮಗುವಿಗೆ ಮನೆ ಸಿಗುತ್ತದೆ, ಅವಳಿಗೆ ಬದುಕು ಮಾತ್ರ ಸಿಗುವುದಿಲ್ಲ. ಸತ್ತವಳಿಗೆ ಮರುಗುವುದು ಸುಲಭ. ಉಳಿದವಳನ್ನು ಪಕ್ಕದ ಮನೆಯವಳಾಗಿ, ನೆಂಟಳಾಗಿ, ಸೊಸೆಯಾಗಿ ಒಳಗೆ ಕರೆದುಕೊಳ್ಳಬೇಕಾಗುತ್ತದೆ. ಮಿಲನ್ ಬದಲಿಸಿದ್ದು ಇದೊಂದನ್ನು. ಲಿಡಿಯಾ ಬದುಕುತ್ತಾಳೆ. ಪ್ರಾಯಶ್ಚಿತ್ತವಾಗಿ ಯಾವ ರೋಗಿಯ ಜ್ವರವನ್ನೂ ಅಂಟಿಸಿಕೊಂಡು ಸಾಯುವುದಿಲ್ಲ. ಅವಳ ಹಿಂದಿನ ದಿನ ಗೊತ್ತಿದ್ದೇ, ಅದನ್ನು ಕಣ್ಣಾರೆ ಕಂಡಿದ್ದೇ, ಒಬ್ಬ ಮನುಷ್ಯ ಅವಳನ್ನು ಬಯಸುತ್ತಾನೆ. ತಾನೂ ಬಯಸಬಹುದು, ದೇಹದ ಸುಖ ತನಗೂ ಸಲ್ಲುತ್ತದೆ ಎಂಬ ನಂಬಿಕೆಗೆ ಅವಳು ನಿಧಾನವಾಗಿ ಮರಳುತ್ತಾಳೆ. ಪ್ರಣಯ ಕಾದಂಬರಿ ಎಂಬ ಪ್ರಕಾರ ಓದುಗರಿಗೆ ಮೊದಲೇ ಕೊಡುವ ಮಾತು ಒಂದೇ, ಇವರಿಬ್ಬರನ್ನು ನಾನು ಕೊನೆಯಲ್ಲಿ ಕೊಲ್ಲುವುದಿಲ್ಲ, ಒಂಟಿಯಾಗಿ ಬಿಡುವುದೂ ಇಲ್ಲ ಎಂಬುದು. ರೂತ್‌ಳಂಥವಳ ಮುಂದೆ ಆ ಮಾತನ್ನಿಟ್ಟು ನೋಡಿ, ಅದೆಷ್ಟು ದೊಡ್ಡದು ಅನಿಸುತ್ತದೆ. ಬ್ರಾಂಟೆ ಕೇಳಿದ ಪ್ರಶ್ನೆಗೆ ನೂರ ಅರವತ್ತು ವರ್ಷದ ಮೇಲೆ ಬಂದ ಉತ್ತರವೆಂದೇ ನಾನು ಈ ಸುಖಾಂತವನ್ನು ಓದಿದೆ. ಬದುಕು ಹಾಗಿರುವುದಿಲ್ಲ ಎಂದು ನೀವು ಬರೆದಿರಿ. ಯಾರ ಬದುಕು? ಅಂಥ ಹುಡುಗಿಯರು ಅಂದೂ ಬದುಕಿದ್ದರು, ಮದುವೆಯಾಗಿ ಮಕ್ಕಳನ್ನು ಸಾಕಿದ್ದರು. ಕಾದಂಬರಿಗಳು ಅವರನ್ನು ಕೊಂದವು.

ಇದು ನಮಗೆ ದೂರದ ಮಾತಲ್ಲ. ನಮ್ಮಲ್ಲಿ ಅರ್ಧಕ್ಕರ್ಧ ಜನ ಓದಿನ ರುಚಿ ಹತ್ತಿಸಿಕೊಂಡದ್ದು ತ್ರಿವೇಣಿಯವರ ಕಾದಂಬರಿಗಳಿಂದ. ‘ಶರಪಂಜರ’ದ ಕಾವೇರಿಯ ಮನಸ್ಸಿನಲ್ಲೂ ಮದುವೆಗೆ ಹಿಂದಿನ ಗಾಯವೊಂದಿದೆ. ಬಾಣಂತನದಲ್ಲಿ ಮನಸ್ಸು ಕದಡುತ್ತದೆ, ಆಸ್ಪತ್ರೆಯಲ್ಲಿ ಗುಣವೂ ಆಗುತ್ತದೆ. ಗುಣವಾಗಿ ಮನೆಗೆ ಬಂದವಳನ್ನು ಗಂಡನೂ ನೆರೆಹೊರೆಯೂ ನಂಬುವುದಿಲ್ಲ, ಆ ಅಪನಂಬಿಕೆಯೇ ಅವಳನ್ನು ಮತ್ತೆ ಆಸ್ಪತ್ರೆಗೆ ತಳ್ಳುತ್ತದೆ. ಮನಶ್ಶಾಸ್ತ್ರ ಓದಿದ್ದ ತ್ರಿವೇಣಿ ಆ ಕೊನೆಯನ್ನು ಸಮಾಜದ ಮೇಲಿನ ಆರೋಪಪಟ್ಟಿಯಾಗಿಯೇ ಬರೆದರು. ಅವರು ಹಾಗೆ ಬರೆದದ್ದು ಸರಿ. ಆದರೆ ನಾವು, ಓದುಗರು, ಆ ಕೊನೆಯನ್ನು ಸಹಜವೆಂದು ರೂಢಿಮಾಡಿಕೊಂಡುಬಿಟ್ಟೆವೇನೋ ಎಂಬ ಅನುಮಾನ ನಿಮ್ಮ ಅಭಿಪ್ರಾಯಗಳನ್ನು ಓದಿದಾಗ ಬಂತು. ಕಾವೇರಿ ಕೆಟ್ಟಾಗ ನಾವು ಕಣ್ಣೀರಿಟ್ಟು ನಿಜವಾದ ಸಾಹಿತ್ಯ ಎನ್ನುತ್ತೇವೆ. ಲಿಡಿಯಾ ನೆಟ್ಟಗಾದಾಗ ಬರೀ ಪ್ರಣಯಕಥೆ ಎಂದು ಬದಿಗಿಡುತ್ತೇವೆ. ತ್ರಿವೇಣಿಯವರೇ 1963ರಲ್ಲಿ, ವಯಸ್ಸು 35 ತುಂಬುವ ಮೊದಲೇ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಬಾಣಂತಿಯ ಸಾವು ಹಬ್ಬದ ಓದಿಗೆ ಒಗ್ಗುವುದಿಲ್ಲ ಎಂದು ಬರೆಯುವ ಮೊದಲು ಇದನ್ನೂ ನೆನೆಯೋಣ. ಅವರ ಕಾದಂಬರಿಗಳನ್ನು ಒಂದು ಕಾಲದಲ್ಲಿ ಹೆಂಗಸರ ಅಡುಗೆಮನೆ ಸಾಹಿತ್ಯ ಎಂದು ತಳ್ಳಿಹಾಕಿದವರ ಸಾಲಿಗೆ, ಇನ್ನೊಂದು ಭಾಷೆಯ ಹೆಂಗಸರ ಕಥೆಯ ಮುಂದೆ, ನಾವು ಹೋಗಿ ನಿಲ್ಲಬಾರದು.

ಅಭಿಪ್ರಾಯ ಬರೆಯುವುದು ಹಗುರವಾದ ಕೆಲಸವಲ್ಲ ಎಂಬುದಕ್ಕೆ ಮಿಲನ್ ಅವರ ಬದುಕೇ ಸಾಕ್ಷಿ. ಸಹಲೇಖಕಿಯೊಬ್ಬರ ಹಳೆಯ ಕಾದಂಬರಿಯಲ್ಲಿ ಚೀನೀ ಹೆಂಗಸರನ್ನು ಚಿತ್ರಿಸಿದ ಬಗೆ ಜನಾಂಗದ್ವೇಷದಿಂದ ಕೂಡಿದೆ ಎಂದು, ತಾವೂ ಚೀನೀ ಮೂಲದ ತಾಯಿಯ ಮಗಳಾದ ಮಿಲನ್, 2019ರಲ್ಲಿ ನೇರವಾಗಿ ಹೇಳಿದರು. ಅಮೆರಿಕದ ಪ್ರಣಯ ಲೇಖಕರ ಸಂಘ ಆ ವರ್ಷದ ಡಿಸೆಂಬರಿನಲ್ಲಿ ಅವರನ್ನು ಒಂದು ವರ್ಷ ಅಮಾನತು ಮಾಡಿತು. ಸದಸ್ಯರು ಸಿಡಿದೆದ್ದರು. ಕ್ರಿಸ್‌ಮಸ್ ಮುನ್ನಾದಿನ ಸಂಘ ಹಿಂದೆ ಸರಿಯಬೇಕಾಯಿತು, ಪದಾಧಿಕಾರಿಗಳು ರಾಜೀನಾಮೆ ಕೊಟ್ಟರು, ಸಂಘದ 2020ರ ‘ರೀಟಾ’ ಪ್ರಶಸ್ತಿಗಳೇ ರದ್ದಾದವು. ಆ ಸಂಘ 2024ರಲ್ಲಿ ದಿವಾಳಿ ಅರ್ಜಿ ಹಾಕಿತು. ಒಂದು ಪುಸ್ತಕದ ಬಗ್ಗೆ ಹೇಳಿದ ಮಾತಿನಿಂದ ಇಷ್ಟೆಲ್ಲ ಆಯಿತು. ಹಾಗೆಂದು ಮಿಲನ್ ಅವರ ಪುಸ್ತಕವನ್ನು ಟೀಕಿಸಬೇಡಿ ಎಂದು ನಾನು ಹೇಳುತ್ತಿಲ್ಲ. ನಮ್ಮ ಕಿರಿಯ ಸದಸ್ಯೆಯ ಹಾಗೆ, ಪುಟ ತೆರೆದಿಟ್ಟುಕೊಂಡು, ಇಲ್ಲಿ ಇಂಥವಳಿಗೆ ಅನ್ಯಾಯವಾಗಿದೆ ಎಂದು ತೋರಿಸಿ ಟೀಕಿಸಿ. ಹಬ್ಬಕ್ಕೆ ಒಗ್ಗಲಿಲ್ಲ, ಕೊನೆ ಸಿಹಿಯಾಯಿತು ಎಂಬಷ್ಟಕ್ಕೇ ನಿಲ್ಲಿಸಬೇಡಿ.

ಮುಂದಿನ ತಿಂಗಳ ಸಭೆಗೆ ಹೊಸ ಪುಸ್ತಕ ಬೇಡ ಎಂಬುದು ನನ್ನ ಕೋರಿಕೆ. ಇದೇ ಕಿರುಕಾದಂಬರಿಯನ್ನು ಇನ್ನೊಮ್ಮೆ ಇಟ್ಟುಕೊಳ್ಳೋಣ. ಜೊತೆಗೆ ‘ರೂತ್’ ಕಾದಂಬರಿಯ ಕೊನೆಯ ಅಧ್ಯಾಯಗಳು, ‘ಮಿಸೆಸ್ ಲಿರಿಪರ್’ನ ಮೊದಲ ಭಾಗ, ‘ಶರಪಂಜರ’ದ ಕೊನೆಯ ಪುಟಗಳು. ಇಂಗ್ಲಿಷ್ ಓದು ಕಷ್ಟವೆನ್ನುವವರಿಗೆ ಬೇಕಾದ ಭಾಗಗಳನ್ನು ಕನ್ನಡದಲ್ಲಿ ಓದಿ ಹೇಳಲು ನಾನು ಸಿದ್ಧ. ಮೊದಲು ಮಾತಾಡುವ ಸರದಿ ನಮ್ಮ ದಾದಿ ಅಕ್ಕನದಾಗಲಿ, ಅವರಿಗೆ ನಾಲ್ಕು ಸಾಲಿಗಿಂತ ಹೆಚ್ಚು ಹೇಳುವುದಿದೆ ಎಂದು ನನಗೆ ಗೊತ್ತು. ಸುಖಾಂತ ಸಲ್ಲದು ಎಂದು ಬರೆದವರು ದಯವಿಟ್ಟು ತಪ್ಪಿಸಿಕೊಳ್ಳದೆ ಬನ್ನಿ. ಲಿಡಿಯಾಳಿಗೆ ಯಾವ ಕೊನೆ ಸಲ್ಲುತ್ತಿತ್ತು, ಯಾಕೆ ಎಂದು ಬರೆದುಕೊಂಡೇ ಬನ್ನಿ. ನಿಮ್ಮ ಬರಹ ಮುಂದಿನ ಸಂಚಿಕೆಯ ಮೊದಲ ಪುಟದಲ್ಲಿ ಬರುವಂತೆ ನೋಡಿಕೊಳ್ಳಬೇಕೆಂದು ಸಂಪಾದಕರಲ್ಲಿ ಈಗಲೇ ಕೇಳಿಕೊಳ್ಳುತ್ತೇನೆ.

ಇಂತಿ ನಿಮ್ಮ,
ಬಳಗದ ಸದಸ್ಯೆ